ಹಳೆಯ ಹಾಯಿದೋಣಿಯ ಮೂಲಪತ್ರ ಹುಡುಕುವ ಬಗೆ

ಕಡಲಿನ ಗಾಳಿಯೂ ಸೋಕದ ತುಮಕೂರಿನಲ್ಲಿ ಕುಳಿತು, ಪರದೇಶದಲ್ಲಿ ಕಟ್ಟಿದ ಸಣ್ಣ ಹಾಯಿದೋಣಿಯೊಂದರ ಚರಿತ್ರೆಯನ್ನು ಹುಡುಕುವ ಕ್ರಮ ಬರೆಯಲು ಹೊರಟಿರುವುದಕ್ಕೆ ಮೊದಲು ಕಾರಣ ಹೇಳಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಉಪನೋಂದಣಿ ಕಚೇರಿಯ ಎದುರು ಪತ್ರಬರಹಗಾರನಾಗಿ ದುಡಿದವನು. ಜಮೀನು ಕೊಳ್ಳುವವರು ಬಂದರೆ ಮೂಲಪತ್ರ, ಪಹಣಿ, ಮ್ಯುಟೇಶನ್, ಋಣಭಾರ ಪತ್ರಗಳನ್ನು ಒಂದಕ್ಕೊಂದು ತಾಳೆ ನೋಡಿ, ಎಲ್ಲಿ ಕೊಂಡಿ ಕಳಚಿದೆ ಎಂದು ಹೇಳುವುದು ನನ್ನ ಕಸುಬಾಗಿತ್ತು. ಸರಕು ಹಡಗಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಅಕ್ಕನ ಮಗ ಆಸ್ಟ್ರೇಲಿಯಾದ ಬಂದರೊಂದರಲ್ಲಿ ಇಪ್ಪತ್ತೈದು ಅಡಿಯ ಮರದ ಹಾಯಿದೋಣಿಯೊಂದನ್ನು ಕಂಡು ಮನಸೋತು, ಕೊಳ್ಳುವ ಮುಂಚೆ ಅದರ ಕಾಗದಗಳ ಚಿತ್ರಗಳನ್ನು ನನಗೆ ಕಳುಹಿಸಿ, "ಮಾವ, ಜಮೀನಿನ ಪತ್ರ ನೋಡಿದ ಹಾಗೆ ಇದನ್ನೂ ಒಂದು ಸಲ ನೋಡಿ ಹೇಳಿ" ಎಂದು ಕೇಳಿದ. ಆ ಒಂದು ಸಲ ಎಂಬುದು ಎಂಟು ತಿಂಗಳ ಕೆಲಸವಾಯಿತು. ಅಷ್ಟರಲ್ಲಿ ನನಗೆ ತಿಳಿದದ್ದೆಂದರೆ, ದೋಣಿಯ ಚರಿತ್ರೆ ಹುಡುಕುವುದೂ ಜಮೀನಿನ ಹಕ್ಕು ಹುಡುಕುವುದೂ ಒಂದೇ ಜಾತಿಯ ಕೆಲಸಗಳು. ಜಮೀನು ಇದ್ದಲ್ಲೇ ಇರುತ್ತದೆ, ದೋಣಿ ಮಾತ್ರ ಊರು, ಹೆಸರು, ಬಾವುಟ ಎಲ್ಲವನ್ನೂ ಬದಲಿಸಿಕೊಂಡು ಓಡಾಡುತ್ತದೆ. ಇಂಥ ದೋಣಿಯನ್ನು ಕೊಳ್ಳಬೇಕೆಂದಿರುವವರಿಗೂ, ಮನೆಯ ಹಿರಿಯರ ದೋಣಿಯೊಂದರ ಹಿಂದುಮುಂದು ತಿಳಿಯಬೇಕೆಂದಿರುವವರಿಗೂ ಈ ಕ್ರಮ ಒದಗೀತು.

ಮಾರುವವರ ಮಾತನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ, ಮಾರುವವನು ವಯಸ್ಸು ಹೇಳುವಾಗ ತಲೆದೂಗುತ್ತಾನೆ, ಆದರೆ ಕೈ ಮಾತ್ರ ಎತ್ತಿನ ಬಾಯಿಗೇ ಹೋಗುತ್ತದೆ. ನಾಲ್ಕು ಹಲ್ಲೋ ಆರು ಹಲ್ಲೋ ಬಾಯಿಗೂಡಿದೆಯೋ ಎಂಬುದನ್ನು ಕಣ್ಣಾರೆ ನೋಡಿದ ಮೇಲೆಯೇ ವ್ಯಾಪಾರ. ದೋಣಿಯ ವಿಷಯದಲ್ಲಿಯೂ ಮೊದಲು ಮಾಡಬೇಕಾದದ್ದು ಇದೇ. ಮಾರುವವರು ಹೇಳುವ ಕಥೆಯನ್ನು ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ. ಅದರಲ್ಲಿರುವ ಹೇಳಿಕೆಗಳನ್ನು ಬೇರೆ ಬೇರೆ ಮಾಡಿ, ಒಂದೊಂದಕ್ಕೆ ಒಂದೊಂದು ಹಾಳೆ ಕೊಟ್ಟು, ಎಡಕ್ಕೆ ಹೇಳಿಕೆ, ಬಲಕ್ಕೆ ಆಧಾರ ಎಂದು ಗೆರೆ ಹಾಕಿಕೊಳ್ಳಬೇಕು.

ನಮ್ಮ ದೋಣಿಯ ಬಗ್ಗೆ ಮಾರುವವರು ಹೇಳಿದ್ದು, "1938ರಲ್ಲಿ ಸ್ವೀಡನ್ನಿನಲ್ಲಿ ಕಟ್ಟಿದ ಫೋಕ್‌ಬೋಟ್, ಇದುವರೆಗೆ ಮೂವರೇ ಮಾಲೀಕರು" ಎಂದು. ಕೇಳಲು ಒಂದೇ ವಾಕ್ಯವಾದರೂ ಇದರಲ್ಲಿ ವರ್ಷ, ದೇಶ, ಮಾದರಿ, ಕೈ ಬದಲಾದ ಲೆಕ್ಕ ಎಂಬ ನಾಲ್ಕು ಹೇಳಿಕೆಗಳಿವೆ. ನಾಲ್ಕನ್ನೂ ಬಿಡಿಸಿ ಬರೆದ ಕೂಡಲೇ ಮೊದಲ ಬಿರುಕು ಕಂಡಿತು. ಫೋಕ್‌ಬೋಟ್ ಎಂಬ ಮಾದರಿ ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಡುವೆ, ಸಾಮಾನ್ಯ ಸಂಬಳದಾರನ ಕೈಗೆಟುಕುವ ಹಾಯಿದೋಣಿಗಾಗಿ ಸ್ಕ್ಯಾಂಡಿನೇವಿಯಾದ ನೌಕಾಯಾನಿಗಳು ನಡೆಸಿದ ವಿನ್ಯಾಸ ಸ್ಪರ್ಧೆಯಿಂದ. ಬಂದ ನಕ್ಷೆಗಳಲ್ಲಿ ಯಾವುದೊಂದೂ ಪೂರ್ತಿ ಒಪ್ಪಿಗೆಯಾಗದೆ, ಹಲವು ನಕ್ಷೆಗಳ ಒಳ್ಳೆಯ ಅಂಶಗಳನ್ನು ಸೇರಿಸಿ ಟೋರ್ಡ್ ಸುಂಡೆನ್ ಎಂಬ ಸ್ವೀಡನ್ನಿನ ವಿನ್ಯಾಸಕಾರರು ಅಂತಿಮ ನಕ್ಷೆ ಬರೆದರು. ಮೊದಲ ದೋಣಿ ಗೋಥೆನ್‌ಬರ್ಗಿನಲ್ಲಿ ನೀರಿಗಿಳಿದದ್ದು 1942ರಲ್ಲಿ. ಹಾಗಿರುವಾಗ 1938ರ ಫೋಕ್‌ಬೋಟ್ ಎಂದರೆ ಅಪ್ಪ ಹುಟ್ಟುವ ಮುಂಚೆ ಮಗ ಹುಟ್ಟಿದಂತೆ. ವರ್ಷ ತಪ್ಪಿರಬೇಕು ಅಥವಾ ಮಾದರಿ ತಪ್ಪಿರಬೇಕು. ಮಾರುವವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಅವರಿಗೆ ಮಾರಿದವರು ಹೇಳಿದ್ದನ್ನೇ ಅವರೂ ಒಪ್ಪಿಸಿರಬಹುದು. ನಮ್ಮ ಹಳ್ಳಿಗಳಲ್ಲಿ "ತಾತನ ಕಾಲದಿಂದ ಉಳುತ್ತಿದ್ದೇವೆ" ಎನ್ನುವವರ ಪಹಣಿಯನ್ನು ತೆಗೆದರೆ ಎಷ್ಟೋ ಸಲ ಅಪ್ಪನ ಹೆಸರೇ ಮೊದಲನೆಯದಾಗಿರುತ್ತದೆ.

ಕಾಗದಕ್ಕಿಂತ ಮೊದಲು ಮೈ

ಎಲ್ಲರೂ ಕಾಗದದಿಂದ ಆರಂಭಿಸುತ್ತಾರೆ. ನಾನೂ ಹಾಗೆಯೇ ಮಾಡಿ ಎರಡು ತಿಂಗಳು ಕಳೆದುಕೊಂಡೆ. ದೋಣಿಯ ಮಟ್ಟಿಗೆ ಅದರ ಮೈಯೇ ಮೂಲಪತ್ರ. ಕಾಗದಗಳೆಲ್ಲ ಅದರ ನಕಲುಗಳಿದ್ದಂತೆ. ಆದ್ದರಿಂದ ದೋಣಿಯ ಬಳಿ ಇರುವವರಿಂದ ಅಳತೆ ಮತ್ತು ಚಿತ್ರಗಳನ್ನು ಮೊದಲು ತರಿಸಿಕೊಳ್ಳಿ. ಅಳತೆ ಕನಿಷ್ಠ ಮೂರು ಬೇಕು: ಮೂತಿಯಿಂದ ಹಿಂಬದಿಯವರೆಗಿನ ಒಡಲಿನ ಉದ್ದ, ಅತ್ಯಂತ ಅಗಲವಾದ ಜಾಗದ ಅಗಲ, ನೀರಿನ ಮಟ್ಟದಿಂದ ಕೆಳತುದಿಯವರೆಗಿನ ಆಳ. ಮೂತಿಯ ಮುಂದಕ್ಕೆ ಚಾಚಿರುವ ಮರವನ್ನು ಉದ್ದಕ್ಕೆ ಸೇರಿಸಬಾರದು. ನನ್ನ ಅಳಿಯ ಮೊದಲ ಸಲ ಸೇರಿಸಿ ಅಳೆದು, ಯಾವ ನಕ್ಷೆಗೂ ಹೊಂದದ ದೋಣಿಯೊಂದನ್ನು ಸೃಷ್ಟಿಸಿಬಿಟ್ಟಿದ್ದ.

ಸರಿಯಾಗಿ ಅಳೆದಾಗ ಉದ್ದ 25 ಅಡಿ 3 ಅಂಗುಲ, ಅಗಲ 7 ಅಡಿ 2 ಅಂಗುಲ ಬಂದಿತು. ಇಲ್ಲಿ ಒಂದು ಗುಂಡಿ ಇದೆ, ಹೊಸಬರು ಅದರಲ್ಲಿ ಬೀಳುವುದು ಖಂಡಿತ. ಫೋಕ್‌ಬೋಟಿನ ಉದ್ದ 7.68 ಮೀಟರ್, ಅಗಲ 2.20 ಮೀಟರ್, ಅಡಿಗೆ ಇಳಿಸಿದರೆ 25 ಅಡಿ 2 ಅಂಗುಲ, 7 ಅಡಿ 3 ಅಂಗುಲದ ಹತ್ತಿರ. ಇಂಗ್ಲೆಂಡಿನ ಲಾರೆಂಟ್ ಗೈಲ್ಸ್ 1936ರಲ್ಲಿ ವಿನ್ಯಾಸ ಮಾಡಿದ, ಆಮೇಲೆ ವರ್ಚ್ಯೂ ಎಂದು ಹೆಸರಾದ ಮಾದರಿಯ ಅಳತೆಯಾದರೋ 25 ಅಡಿ 3 ಅಂಗುಲ, 7 ಅಡಿ 2 ಅಂಗುಲ. ಅಂದರೆ ಎರಡು ಬೇರೆ ಬೇರೆ ದೇಶಗಳ, ಬೇರೆ ಬೇರೆ ಉದ್ದೇಶಗಳ ದೋಣಿಗಳ ಉದ್ದಗಲ ಒಂದೊಂದು ಅಂಗುಲದ ವ್ಯತ್ಯಾಸದಲ್ಲಿ ನಿಲ್ಲುತ್ತವೆ. ವಿಸ್ತೀರ್ಣ ಒಂದೇ ಇರುವ ಎರಡು ಸರ್ವೆ ನಂಬರುಗಳನ್ನು ಬೇರೆ ಮಾಡಲು ಚಕ್ಕುಬಂದಿ ನೋಡಬೇಕಾಗುತ್ತದೆಯಲ್ಲವೇ, ಹಾಗೆ ಇಲ್ಲಿ ಮೂರನೆಯ ಅಳತೆ ಬೇಕು. ಫೋಕ್‌ಬೋಟ್ ನೀರಿನಲ್ಲಿ 1.20 ಮೀಟರ್, ಅಂದರೆ ನಾಲ್ಕಡಿಗೂ ಕಡಿಮೆ ಮುಳುಗುತ್ತದೆ. ವರ್ಚ್ಯೂ ನಾಲ್ಕೂವರೆ ಅಡಿ ಮುಳುಗುತ್ತದೆ. ತೂಕದಲ್ಲಿ ಇನ್ನೂ ದೊಡ್ಡ ಅಂತರ: ಫೋಕ್‌ಬೋಟ್ ಎರಡು ಟನ್ನಿನ ಆಸುಪಾಸಿನದು, ವರ್ಚ್ಯೂ ಅದರ ಎರಡು ಪಟ್ಟಿಗೂ ಮಿಗಿಲು. ದೋಣಿಯನ್ನು ಮೇಲೆತ್ತಿದ ಕ್ರೇನಿನವರ ಹಳೆಯ ರಸೀದಿಯಲ್ಲಿ ನಾಲ್ಕು ಟನ್ನಿಗಿಂತ ಹೆಚ್ಚು ಎಂದು ಬರೆದಿದ್ದದ್ದು ನಮಗೆ ಮೊದಲ ಗಟ್ಟಿ ಸಾಕ್ಷಿಯಾಯಿತು. ಇಂಥ ಬಿಲ್ಲು, ರಸೀದಿಗಳನ್ನು ಯಾರೂ ತಿದ್ದಲು ಹೋಗುವುದಿಲ್ಲ, ಆದ್ದರಿಂದ ಅವುಗಳ ಮಾತಿಗೆ ಬೆಲೆ ಹೆಚ್ಚು.

ಮುಂದೆ ಹಲಗೆಗಳ ಜೋಡಣೆ ನೋಡಬೇಕು. ಮಂಗಳೂರು ಹೆಂಚು ಒಂದರ ಮೇಲೊಂದು ಹೊದ್ದುಕೊಂಡಂತೆ ಮೇಲಿನ ಹಲಗೆಯ ಅಂಚು ಕೆಳಗಿನದರ ಮೇಲೆ ಹತ್ತಿ ಕುಳಿತಿದ್ದರೆ ಅದು ಒಂದು ಪದ್ಧತಿ. ಬಾಗಿಲಿನ ಹಲಗೆಗಳಂತೆ ಅಂಚಿಗೆ ಅಂಚು ತಾಗಿ ಹೊರಮೈ ನುಣುಪಾಗಿದ್ದರೆ ಅದು ಇನ್ನೊಂದು. ಫೋಕ್‌ಬೋಟಿನದು ಮೊದಲನೆಯದು, ವರ್ಚ್ಯೂವಿನದು ಎರಡನೆಯದು. ನಮ್ಮ ದೋಣಿಯ ಮೈ ನುಣುಪಾಗಿತ್ತು. ಇಷ್ಟರಿಂದಲೇ ತೀರ್ಪು ಕೊಡುವ ಹಾಗಿಲ್ಲ, ಏಕೆಂದರೆ ಇಂಗ್ಲೆಂಡಿನ ನೌಕಾಯಾನಿ ಬ್ಲಾಂಡಿ ಹ್ಯಾಸ್ಲರ್ ಅವರ ಹೆಸರಾಂತ ಜೆಸ್ಟರ್ ದೋಣಿ ಫೋಕ್‌ಬೋಟಿನ ಆಕಾರದ್ದೇ ಆಗಿದ್ದರೂ ಅದರ ಹಲಗೆಗಳು ಅಂಚಿಗೆ ಅಂಚು ಕೂಡಿದವುಗಳೇ. ಒಂದು ಲಕ್ಷಣ ಸುಳಿವು ಮಾತ್ರ. ಮೂರು ಲಕ್ಷಣಗಳು ಒಂದೇ ಕಡೆ ಬೆರಳು ತೋರಿಸಿದಾಗ ನಂಬಬಹುದು.

ಮರದ ಜಾತಿ ದೇಶವನ್ನು ಹೇಳುತ್ತದೆ. ಇಂಗ್ಲೆಂಡಿನ ದೋಣಿ ಕಟ್ಟುವ ಯಾರ್ಡುಗಳಲ್ಲಿ ಪಕ್ಕೆಲುಬುಗಳಿಗೆ ಸಾಮಾನ್ಯವಾಗಿ ಓಕ್ ಬಳಸುತ್ತಿದ್ದರು, ಹೊರ ಹಲಗೆಗೆ ಪೈನ್, ಮಹಾಗನಿ, ಹಣವಿದ್ದವರಿಗೆ ತೇಗ. ತೇಗ ದೂರದ ಬರ್ಮಾ, ಸಯಾಮುಗಳಿಂದ ಬರಬೇಕಾಗಿದ್ದುದರಿಂದ ಅಲ್ಲಿ ಅದನ್ನು ಕಣ್ಣಿಗೆ ಕಾಣುವ ಜಾಗದಲ್ಲಿ ಹಾಕುತ್ತಿದ್ದರೇ ಹೊರತು, ಯಾರೂ ನೋಡದ ತಳದ ಮೂಲೆಯಲ್ಲಿ ಧಾರಾಳವಾಗಿ ಸುರಿಯುತ್ತಿರಲಿಲ್ಲ. ಅಳಿಯ ರಜೆಗೆ ಬಂದಾಗ, ದೋಣಿಯ ತಳದಲ್ಲಿ ದುರಸ್ತಿಗೆಂದು ಕಿತ್ತಿದ್ದ ಗೇಣುದ್ದದ ತುಂಡೊಂದನ್ನು ಮಾಲೀಕರನ್ನು ಕೇಳಿ ತಂದಿದ್ದ. ಅದನ್ನು ಮಂಡಿಪೇಟೆಯ ಕಡೆ ಬಾಗಿಲು ಕೆಲಸ ಮಾಡುವ ಹಿರಿಯ ಆಚಾರರೊಬ್ಬರ ಕೈಗೆ ಕೊಟ್ಟು, ಎಲ್ಲಿಯದೆಂದು ಹೇಳದೆ ಸುಮ್ಮನೆ ನಿಂತೆವು. ಅವರು ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ಮೂಗಿಗೆ ಹಿಡಿದು, "ಬರ್ಮಾ ತೇಗ ಸ್ವಾಮಿ, ಎಣ್ಣೆ ಇನ್ನೂ ಆರಿಲ್ಲ. ಯಾವ ಮನೆ ಕೆಡವಿದಿರಿ?" ಎಂದು ಕೇಳಿದರು. ಕಣ್ಣಿಗೆ ಬೀಳದ ತಳದಲ್ಲಿ ತೇಗ ಹಾಕುವಷ್ಟು ತೇಗ ಅಗ್ಗವಾಗಿದ್ದ ಊರು ಯಾವುದು ಎಂದು ಯೋಚಿಸಿದಾಗ ಸ್ವೀಡನ್ನೂ ಇಂಗ್ಲೆಂಡೂ ಹಿಂದೆ ಸರಿದು, ಪೂರ್ವದ ಬಂದರುಗಳು ಮುಂದೆ ಬಂದವು. 1950ರ ದಶಕದಲ್ಲಿ ಹಾಂಗ್‌ಕಾಂಗಿನ ಯಾರ್ಡುಗಳು ಯೂರೋಪು, ಅಮೆರಿಕದ ಗಿರಾಕಿಗಳಿಗೆ ತೇಗದ ಹಾಯಿದೋಣಿಗಳನ್ನು ಕಟ್ಟಿಕೊಡುತ್ತಿದ್ದವು. ವರ್ಚ್ಯೂ ಮಾದರಿಯ ಕೆಲವು ದೋಣಿಗಳೂ ಅಲ್ಲಿಯೇ ಹುಟ್ಟಿದವು.

ಮೈ ಪರೀಕ್ಷೆಯಲ್ಲಿ ಕೊನೆಯದಾದರೂ ಎಲ್ಲಕ್ಕಿಂತ ಮುಖ್ಯವಾದದ್ದು ಡೆಕ್ಕನ್ನು ಹೊತ್ತಿರುವ ಅಡ್ಡತೊಲೆ. ಬ್ರಿಟಿಷ್ ನೋಂದಣಿ ಪಡೆದ ದೋಣಿಯಾದರೆ, ಮುಖ್ಯ ತೊಲೆಯ ಮೇಲೆ ಅಧಿಕೃತ ಸಂಖ್ಯೆಯನ್ನೂ ನೋಂದಾಯಿತ ಟನ್ನಿನ ಲೆಕ್ಕವನ್ನೂ ಕೆತ್ತಿರಲೇಬೇಕೆಂಬುದು ಕಾನೂನು. ಹೆಸರು ನಾಲ್ಕು ಸಲ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಬಣ್ಣದ ಪದರುಗಳ ಅಡಿಯಲ್ಲಿ ಅದು ಮುಚ್ಚಿಹೋಗಿರುತ್ತದೆ, ಬಣ್ಣ ಕೆರೆಯಬೇಡಿ. ಕತ್ತಲೆಯಲ್ಲಿ ಟಾರ್ಚನ್ನು ತೊಲೆಗೆ ಒತ್ತಿ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿದರೆ, ಕೆತ್ತನೆಯ ನೆರಳು ಎದ್ದು ಕಾಣುತ್ತದೆ. ಸವೆದ ವೀರಗಲ್ಲಿನ ಅಕ್ಷರ ಓದುವ ಉಪಾಯವೂ ಇದೇ. ನಮಗೆ ಆರು ಅಂಕೆಗಳಲ್ಲಿ ಐದು ಸ್ಪಷ್ಟವಾಗಿ ಸಿಕ್ಕಿದವು, ಒಂದು 3 ಅಥವಾ 8 ಎಂಬ ಅನುಮಾನದಲ್ಲಿ ಉಳಿಯಿತು.

ಟನ್ ಎಂದರೆ ಯಾವ ಟನ್

ಹಳೆಯ ಕಾಗದಗಳಲ್ಲಿ ಈ ದೋಣಿಗಳನ್ನು "ಐದು ಟನ್ನಿನದು", "ಎಂಟು ಟನ್ನಿನದು" ಎಂದು ಕರೆದಿರುತ್ತಾರೆ. ಇದು ತೂಕವಲ್ಲ. 1855ರಲ್ಲಿ ರಾಯಲ್ ಥೇಮ್ಸ್ ಯಾಟ್ ಕ್ಲಬ್ ಜಾರಿಗೆ ತಂದ ಥೇಮ್ಸ್ ಅಳತೆ. ಉದ್ದದಲ್ಲಿ ಅಗಲವನ್ನು ಕಳೆದು, ಬಂದದ್ದನ್ನು ಅಗಲದಿಂದ ಗುಣಿಸಿ, ಮತ್ತೆ ಅಗಲದ ಅರ್ಧದಿಂದ ಗುಣಿಸಿ, 94ರಿಂದ ಭಾಗಿಸಬೇಕು, ಎಲ್ಲವೂ ಅಡಿಗಳಲ್ಲಿ. ನಮ್ಮ ದೋಣಿಗೆ ಹಾಕಿದರೆ, 25.25ರಲ್ಲಿ 7.17 ಕಳೆದು 18.08, ಅದನ್ನು 7.17ರಿಂದ, ಅನಂತರ 3.585ರಿಂದ ಗುಣಿಸಿದರೆ ಸುಮಾರು 465. ಅದನ್ನು 94ರಿಂದ ಭಾಗಿಸಿದರೆ 4.94. ವರ್ಚ್ಯೂವನ್ನು ಐದು ಟನ್ನಿನ ದೋಣಿ ಎಂದು ಕರೆಯುತ್ತಿದ್ದ ಗುಟ್ಟು ಇದೇ. ಮೈಯ ತೂಕ, ಥೇಮ್ಸ್ ಟನ್, ತೊಲೆಯ ಮೇಲೆ ಕೆತ್ತಿದ ನೋಂದಾಯಿತ ಟನ್ ಎಂಬ ಮೂರೂ ಬೇರೆ ಬೇರೆ ಎಂಬುದನ್ನು ಮರೆತರೆ, ಒಂದೇ ದೋಣಿಯನ್ನು ಮೂರು ದೋಣಿಗಳೆಂದು ತಿಳಿದು ಕಡತವನ್ನೇ ಕೆಡಿಸಿಕೊಳ್ಳುತ್ತೀರಿ. ಎಕರೆ ಗುಂಟೆಯನ್ನೂ ಚದರಡಿಯನ್ನೂ ಕಲಸಿ ಬರೆದ ಪತ್ರಗಳನ್ನು ಬಿಡಿಸಿ ಬಿಡಿಸಿ ನನಗೆ ಈ ತಲೆನೋವು ಹಳೆಯದು.

ಸಂಖ್ಯೆ ಹಿಡಿದು ನೋಂದಣಿಗೆ

ಅಧಿಕೃತ ಸಂಖ್ಯೆಗಳನ್ನು ಬ್ರಿಟಿಷ್ ಆಡಳಿತ 1855ರಿಂದ ಕೊಡುತ್ತಾ ಬಂದಿತು. ಪ್ರತಿ ಬಂದರಿಗೂ ಇಂತಿಷ್ಟು ಸಂಖ್ಯೆಗಳ ಕಂತೆಯನ್ನು ಮೊದಲೇ ಹಂಚುತ್ತಿದ್ದುದರಿಂದ, ಸಂಖ್ಯೆಯನ್ನು ನೋಡಿಯೇ ಅದು ಯಾವ ಬಂದರಿನ ಕಂತೆಗೆ ಸೇರಿದ್ದೆಂದು ಪತ್ತೆ ಮಾಡಬಹುದು. ಈ ಹಂಚಿಕೆ ಪುಸ್ತಕಗಳ ಪುಟಗಳನ್ನು ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ತಾಣದಲ್ಲಿ ಉಚಿತವಾಗಿ ನೋಡಬಹುದು. 3 ಮತ್ತು 8ರ ಅನುಮಾನ ಇಲ್ಲಿಯೇ ಬಗೆಹರಿಯಿತು. ಒಂದು ಸಂಖ್ಯೆ ಇಂಗ್ಲೆಂಡಿನ ಬಂದರೊಂದರ ಮೀನುದೋಣಿಯದು, ಇನ್ನೊಂದು ಹಾಂಗ್‌ಕಾಂಗಿನ ಕಂತೆಯದು.

ಬಂದರು ಗೊತ್ತಾದ ಮೇಲೆ ನೋಂದಣಿ ಪುಸ್ತಕ. ಪ್ರತಿ ದೋಣಿಗೆ ಒಂದು ನಮೂದು ಇದ್ದು, ಅದರಲ್ಲಿ ಕಟ್ಟಿದ ಜಾಗ, ವರ್ಷ, ಅಳತೆ, ಮಾಲೀಕರ ಹೆಸರು ಮತ್ತು ವೃತ್ತಿ, ಅದರ ಕೆಳಗೆ ಆಮೇಲಿನ ಕ್ರಯ, ಅಡಮಾನ, ವರ್ಗಾವಣೆಗಳೆಲ್ಲ ದಿನಾಂಕ ಸಹಿತ ಬರುತ್ತವೆ. ಅಡಮಾನವೂ ಅದೇ ಹಾಳೆಯಲ್ಲಿರುವುದರಿಂದ ಋಣಭಾರ ಪತ್ರವನ್ನು ಬೇರೆ ಕೇಳುವ ಶ್ರಮವಿಲ್ಲ. ಬ್ರಿಟಿಷ್ ನೋಂದಣಿಯಲ್ಲಿ ಹಡಗಿನ ಒಡೆತನವನ್ನು 64 ಪಾಲುಗಳಾಗಿ ಎಣಿಸುವ ಪದ್ಧತಿ ಇದೆ. ಇದನ್ನು ಓದಿದಾಗ ನನಗೆ ನಗು ಬಂತು: ನಮ್ಮ ಹಳೆಯ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ, ಒಟ್ಟು 64. "ನನ್ನದು ಆಸ್ತಿಯಲ್ಲಿ ನಾಲ್ಕಾಣೆ ಪಾಲು" ಎನ್ನುತ್ತಿದ್ದ ಹಳೆಯ ಕಕ್ಷಿದಾರರು 16 ಪಾಲಿನ ದೋಣಿ ಮಾಲೀಕರನ್ನು ಕಂಡರೆ ದಾಯಾದಿ ಎಂದು ಅಪ್ಪಿಕೊಳ್ಳುತ್ತಿದ್ದರು. ಪಾಲಿನ ಲೆಕ್ಕವನ್ನು ಪ್ರತಿ ವರ್ಗಾವಣೆಯಲ್ಲಿಯೂ ಕೂಡಿಸಿ ನೋಡಿ. 64 ಬರದಿದ್ದರೆ ನಡುವಿನ ಒಂದು ಪತ್ರ ನಿಮ್ಮ ಕೈಗೆ ಸಿಕ್ಕಿಲ್ಲವೆಂದೇ ಅರ್ಥ. ನಮ್ಮ ದೋಣಿಯಲ್ಲಿ ಇಬ್ಬರು ಸ್ನೇಹಿತರು ತಲಾ 32 ಪಾಲಿನಿಂದ ಆರಂಭಿಸಿದ್ದರು, ಕೆಲವು ವರ್ಷಗಳ ಮೇಲೆ ಒಬ್ಬರು ಮಾತ್ರ ಮಾರಿದ್ದರು. "ಮೂವರೇ ಮಾಲೀಕರು" ಎಂಬ ಹೇಳಿಕೆ ಅಲ್ಲಿಗೆ ಬಿದ್ದುಹೋಯಿತು, ಕೊನೆಗೆ ಲೆಕ್ಕ ಹಾಕಿದಾಗ ಏಳು ಹೆಸರುಗಳು.

ನೋಂದಣಿ ಮುಚ್ಚಿಹೋದ ದೋಣಿಗಳ ಕಾಗದಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಬಿಟಿ 110 ಎಂಬ ಕಡತ ಸಾಲಿನಲ್ಲಿವೆ. ಅವುಗಳನ್ನು ಜೋಡಿಸಿರುವುದು ನೋಂದಣಿ ಮುಚ್ಚಿದ ಕಾಲದ ಪ್ರಕಾರ, ಕಟ್ಟಿದ ಕಾಲದ ಪ್ರಕಾರವಲ್ಲ. ಆದ್ದರಿಂದ ದೋಣಿ ಯಾವಾಗ ಪಟ್ಟಿಯಿಂದ ಹೊರಬಿತ್ತು ಎಂಬ ಅಂದಾಜಿಲ್ಲದೆ ಅರ್ಜಿ ಹಾಕಿದರೆ ಶುಲ್ಕ ದಂಡ. ಆಸ್ಟ್ರೇಲಿಯಾದ ಹಳೆಯ ಬಂದರು ನೋಂದಣಿ ಪುಸ್ತಕಗಳು ಆ ದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಇನ್ನೊಂದು ಎಚ್ಚರಿಕೆ: ದೋಣಿಯ ಹೊರಮೈ ಮೇಲೆ ಎಸ್‌ಎಸ್‌ಆರ್ ಎಂದು ಆರಂಭವಾಗುವ ಸಂಖ್ಯೆ ಕಂಡರೆ, ಅದು ಬ್ರಿಟನ್ನಿನಲ್ಲಿ 1983ರಿಂದ ಸಣ್ಣ ದೋಣಿಗಳಿಗಾಗಿ ಇರುವ ಸರಳ ನೋಂದಣಿ. ಅದು ಒಡೆತನದ ಪುರಾವೆಯೂ ಅಲ್ಲ, ಚರಿತ್ರೆಯ ದಾಖಲೆಯೂ ಅಲ್ಲ. ಪಂಚಾಯಿತಿಯ ಕಂದಾಯ ರಸೀದಿ ತೋರಿಸಿ ಕ್ರಯ ಮಾಡಲು ಬರುವವರು ನೆನಪಾದರು.

ಲಾಯ್ಡ್ಸ್ ಪುಸ್ತಕವನ್ನು ಓದುವ ಕ್ರಮ

ನೋಂದಣಿಯಾಗದ ದೋಣಿಗೂ ಒಂದು ದಾರಿ ಇದೆ. ಲಾಯ್ಡ್ಸ್ ರಿಜಿಸ್ಟರ್ ಆಫ್ ಯಾಟ್ಸ್ ಎಂಬ ವಾರ್ಷಿಕ ಪಟ್ಟಿ 1878ರಲ್ಲಿ ಆರಂಭವಾಗಿ 1980ರವರೆಗೆ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತಿತ್ತು. ಒಂದೊಂದು ದೋಣಿಗೆ ಒಂದೊಂದು ಸಾಲು: ಹೆಸರು, ಹಳೆಯ ಹೆಸರು, ಅಧಿಕೃತ ಸಂಖ್ಯೆ, ಟನ್, ಅಳತೆ, ವಿನ್ಯಾಸಕಾರ, ಕಟ್ಟಿದವರು, ವರ್ಷ, ಮಾಲೀಕ, ಬಂದರು. ಇದರ ಎಷ್ಟೋ ಸಂಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಕಾಸು ಕೊಡದೆ ಓದಬಹುದು. ಅಮೆರಿಕದ ದೋಣಿಗಳಿಗೆ ಬೇರೆಯೇ ಪಟ್ಟಿ ಇತ್ತು, ಅದರ ಸಂಪುಟಗಳನ್ನು ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯ ಒದಗಿಸಿದೆ.

ಓದುವಾಗ ಇತ್ತೀಚಿನ ಸಂಪುಟದಿಂದ ಹಿಂದಕ್ಕೆ ಹೋಗಬೇಕು, ಮುಂದಕ್ಕೆ ಬರಬಾರದು. ಹಿಂದಕ್ಕೆ ಹೋದಂತೆ ಮಾಲೀಕರ ಹೆಸರು ಬದಲಾಗುವ ವರ್ಷಗಳು ಕಾಣುತ್ತವೆ, ಹಳೆಯ ಹೆಸರಿನ ಅಂಕಣ ತುಂಬಿದ್ದಲ್ಲಿ ದೋಣಿಗೆ ಮರುನಾಮಕರಣವಾದದ್ದು ತಿಳಿಯುತ್ತದೆ. ಆ ಹಳೆಯ ಹೆಸರನ್ನು ಹಿಡಿದು ಮತ್ತೆ ಹುಡುಕಬೇಕು. ನಮ್ಮ ದೋಣಿಯ ಹೆಸರು ಎರಡು ಸಲ ಬದಲಾಗಿತ್ತು. ಮೊದಲ ಹೆಸರಿಗೆ ತಲುಪಿದಾಗ ವಿನ್ಯಾಸಕಾರರ ಜಾಗದಲ್ಲಿ ಲಾರೆಂಟ್ ಗೈಲ್ಸ್, ಊರಿನ ಜಾಗದಲ್ಲಿ ಹಾಂಗ್‌ಕಾಂಗ್ ಎಂದಿತ್ತು. ಆದರೆ ಈ ಪುಸ್ತಕಕ್ಕೆ ವಿವರ ಹೋಗುತ್ತಿದ್ದುದು ಮಾಲೀಕರಿಂದಲೇ. ಒಮ್ಮೆ ನುಸುಳಿದ ತಪ್ಪು ಪ್ರತಿ ವರ್ಷವೂ ಅಚ್ಚಾಗುತ್ತಾ ಹೋಗಿ ಇಪ್ಪತ್ತು ಸಂಪುಟಗಳಲ್ಲಿ ಕೂರುತ್ತದೆ. ಅದನ್ನು ಇಪ್ಪತ್ತು ಸಾಕ್ಷಿಗಳೆಂದು ಎಣಿಸಬೇಡಿ, ಅದು ಒಬ್ಬನೇ ಸಾಕ್ಷಿ ಇಪ್ಪತ್ತು ಸಲ ನುಡಿದದ್ದು.

ನಾಲ್ಕು ವರ್ಷಗಳನ್ನು ಬೇರೆ ಇಡಿ

ನಕ್ಷೆ ಬರೆದ ವರ್ಷ, ಕಟ್ಟಲು ಆರಂಭಿಸಿದ ವರ್ಷ, ನೀರಿಗಿಳಿಸಿದ ವರ್ಷ, ನೋಂದಾಯಿಸಿದ ವರ್ಷ, ಈ ನಾಲ್ಕರಲ್ಲಿ ಅತ್ಯಂತ ಹಳೆಯದನ್ನು ಹಿಡಿದು ದೋಣಿಯ ವಯಸ್ಸು ಹೇಳುವುದು ಮಾರುವವರ ಅಭ್ಯಾಸ. ಇದಕ್ಕೆ ನಮ್ಮ ದೇಶದ್ದೇ ಒಂದು ಒಳ್ಳೆಯ ಉದಾಹರಣೆ ಇದೆ. ಒಬ್ಬನೇ, ಎಲ್ಲಿಯೂ ನಿಲ್ಲದೆ, ಭೂಮಿಯನ್ನು ಸುತ್ತಿ ಬಂದ ಮೊದಲ ಮನುಷ್ಯ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರು 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ತಿನಿಂದ ಹೊರಟು 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದರು. ಅವರ ಸುಹೈಲಿ ದೋಣಿ ಕಟ್ಟಿದ್ದು ಮುಂಬಯಿಯಲ್ಲಿ. 32 ಅಡಿಯ ಆ ತೇಗದ ದೋಣಿಯನ್ನು ನಮ್ಮ ಬಡಗಿಗಳು ಬಾಚಿ, ಹಗ್ಗ ಸುತ್ತಿ ಎಳೆಯುವ ಬೈರಿಗೆಗಳಿಂದ ರೂಪಿಸಿದರು. 1964ರ ಡಿಸೆಂಬರಿನಲ್ಲಿ ನೀರಿಗಿಳಿಸುವಾಗ ಅದರ ಮೂತಿಗೆ ಒಡೆದದ್ದು ಷಾಂಪೇನ್ ಶೀಶೆಯಲ್ಲ, ತೆಂಗಿನಕಾಯಿ. ತಿಪಟೂರಿನ ಜಿಲ್ಲೆಯವನಾದ ನನಗೆ ಆ ಕಾಯಿ ಎಲ್ಲಿಂದ ಬಂದಿರಬಹುದು ಎಂಬ ಕುತೂಹಲ ಇನ್ನೂ ಇದೆ, ಅದನ್ನು ಹುಡುಕುವ ದಾರಿ ಮಾತ್ರ ಇಲ್ಲ.

ಈ ಸುಹೈಲಿಯ ನಕ್ಷೆ ಎರಿಕ್ ಎಂಬ ಹೆಸರಿನದು, ಅಮೆರಿಕದ ವಿಲಿಯಂ ಆಟ್ಕಿನ್ 1920ರ ದಶಕದಲ್ಲಿ ಬರೆದದ್ದು. ಅದರ ಆಕಾರದ ಮೂಲ ನಾರ್ವೆಯ ಕಾಲಿನ್ ಆರ್ಚರ್ ಕಟ್ಟುತ್ತಿದ್ದ ರಕ್ಷಣಾ ದೋಣಿಗಳಲ್ಲಿದೆ. ಹಾಗೆಂದು ಯಾರಾದರೂ ಸುಹೈಲಿಯನ್ನು "ನಾರ್ವೆಯ ದೋಣಿ" ಎಂದೋ "1920ರ ದಶಕದ್ದು" ಎಂದೋ ಬರೆದರೆ ಒಂದೊಂದು ಅರ್ಥದಲ್ಲಿ ಅದಕ್ಕೆ ಆಧಾರವಿದ್ದರೂ ಒಟ್ಟಿನಲ್ಲಿ ಅದು ಅಪ್ಪಟ ತಪ್ಪು. ನಮ್ಮ ದೋಣಿಯ 1938 ಎಂಬುದು ನಕ್ಷೆಯ ವರ್ಷವನ್ನು ಯಾರೋ ತಪ್ಪಾಗಿ ನೆನಪಿಟ್ಟುಕೊಂಡದ್ದಿರಬೇಕೆಂಬುದು ನನ್ನ ಊಹೆ. ಕಡತದಲ್ಲಿ ಊಹೆಯನ್ನು ಊಹೆ ಎಂದೇ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಹೆಸರಿನ ಮಾತು ಬಂದದ್ದರಿಂದ ಜೆಸ್ಟರ್ ಬಗ್ಗೆ ಇನ್ನೊಂದು ವಿಷಯ. 1960ರಲ್ಲಿ ನಡೆದ ಮೊದಲ ಏಕಾಂಗಿ ಅಟ್ಲಾಂಟಿಕ್ ಪಂದ್ಯದಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಅವರ ಜಿಪ್ಸಿ ಮಾತ್ III ಮೊದಲನೆಯದಾಗಿ ಬಂದಿತು, ಹ್ಯಾಸ್ಲರ್ ಅವರ ಜೆಸ್ಟರ್ ಎರಡನೆಯದು, ಡೇವಿಡ್ ಲೂಯಿಸ್ ಅವರ ಕಾರ್ಡಿನಲ್ ವರ್ಚ್ಯೂ ಮೂರನೆಯದು. ಆ ಜೆಸ್ಟರ್ 1988ರಲ್ಲಿ ಅಟ್ಲಾಂಟಿಕ್ಕಿನಲ್ಲಿಯೇ ಕಳೆದುಹೋಯಿತು. ಅನಂತರ ಅದೇ ಆಕಾರದ, ಅದೇ ಹೆಸರಿನ ಹೊಸ ದೋಣಿಯನ್ನು ಕಟ್ಟಿದರು. ಇಂದು ಜೆಸ್ಟರ್ ಎಂಬ ದೋಣಿಯ ಚಿತ್ರ ಕಂಡರೆ ಯಾವುದರದೆಂದು ವರ್ಷ ನೋಡಿಯೇ ಹೇಳಬೇಕು. ಒಂದೇ ಹೆಸರಿನ ಎರಡು ದೋಣಿಗಳು ಏಕಕಾಲದಲ್ಲಿ ತೇಲುತ್ತಿರುವುದೂ ಸಾಮಾನ್ಯವೇ. ಹೆಸರನ್ನು ಎಂದಿಗೂ ಒಂಟಿಯಾಗಿ ನಂಬಬೇಡಿ, ಸಂಖ್ಯೆಯೋ ಅಳತೆಯೋ ಜೊತೆಗಿರಲಿ.

ಹಾಯಿ, ಇಂಜಿನ್, ಪತ್ರಿಕೆ

ಹಾಯಿಯ ಮೇಲಿನ ಅಕ್ಷರಗಳೂ ಸಾಕ್ಷಿಯೇ. 1990ರ ದಶಕದ ಆರಂಭದಲ್ಲಿ ಮೂರಕ್ಷರದ ಸಂಕೇತಗಳು ಬರುವವರೆಗೆ ಬ್ರಿಟನ್ನಿಗೆ ಕೆ, ಸ್ವೀಡನ್ನಿಗೆ ಎಸ್, ನಾರ್ವೆಗೆ ಎನ್, ಡೆನ್ಮಾರ್ಕಿಗೆ ಡಿ, ಆಸ್ಟ್ರೇಲಿಯಾಕ್ಕೆ ಕೆಎ ಇದ್ದವು. ಹಾಯಿ ಹರಿದಾಗ ಹೊಸದು ಹಾಕುತ್ತಾರೆ. ಆದರೆ ಹಳೆಯದನ್ನು ಎಸೆಯಲು ಮನಸ್ಸಾಗದೆ ಚೀಲದಲ್ಲಿ ತುಂಬಿ ಮುಂಭಾಗದ ಗೂಡಿನಲ್ಲಿ ಇಟ್ಟಿರುತ್ತಾರೆ. ಅಂಥ ಚೀಲ ಸಿಕ್ಕರೆ ಬಟ್ಟೆಯನ್ನು ಮುಟ್ಟಿ ನೋಡಿ. ಹತ್ತಿಯದಾದರೆ 1950ರ ದಶಕ ಅಥವಾ ಅದಕ್ಕೂ ಹಿಂದಿನದೆಂದು ಸ್ಥೂಲವಾಗಿ ಹೇಳಬಹುದು. ಆ ದಶಕದಿಂದ ಈಚೆಗೆ ಟೆರಿಲಿನ್ ಎಂಬ ಕೃತಕ ನೂಲಿನ ಬಟ್ಟೆ ಬಂದು ಹತ್ತಿಯನ್ನು ಓಡಿಸಿತು. ಇಂಜಿನಿನ ಸಂಖ್ಯೆಯನ್ನು ಬರೆದುಕೊಳ್ಳಿ, ಆದರೆ ಅದು ದೋಣಿಯ ವಯಸ್ಸನ್ನಲ್ಲ, ಇಂಜಿನಿನ ವಯಸ್ಸನ್ನು ಮಾತ್ರ ಹೇಳುತ್ತದೆ.

ಮನೆಯಲ್ಲಿ ಕುಳಿತು ಮಾಡುವ ಹುಡುಕಾಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಹಳೆಯ ಪತ್ರಿಕೆಗಳು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಸಿಂಗಪುರದ ನ್ಯೂಸ್‌ಪೇಪರ್ ಎಸ್‌ಜಿ ಎಂಬ ಮೂರು ಭಂಡಾರಗಳನ್ನೂ ಹಣ ಕೊಡದೆ ಬಳಸಬಹುದು. ಟ್ರೋವ್‌ನಲ್ಲಿ ಬಹುಪಾಲು ಪತ್ರಿಕೆಗಳು 1954ಕ್ಕೆ ನಿಲ್ಲುತ್ತವೆ ಎಂಬುದನ್ನು ತಿಳಿದೇ ಹುಡುಕಿ, ಅನಂತರದ್ದು ಸಿಗಲಿಲ್ಲವೆಂದು ನಿರಾಶರಾಗಬೇಡಿ. ದೋಣಿಯ ಹೆಸರನ್ನು ಮಾತ್ರ ಕೊಟ್ಟರೆ ಸಾವಿರಾರು ಪುಟಗಳು ಉದುರುತ್ತವೆ. ಹೆಸರಿನ ಜೊತೆಗೆ ಮಾಲೀಕರ ಮನೆತನದ ಹೆಸರನ್ನೋ "ಐದು ಟನ್" ಎಂಬ ಮಾತನ್ನೋ ಸೇರಿಸಬೇಕು. ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪುಗಳಿರುವುದರಿಂದ ಕಾಗುಣಿತ ಬದಲಿಸಿ ಬದಲಿಸಿ ಹುಡುಕಬೇಕು. ನಮ್ಮ ದೋಣಿ ಹಾಂಗ್‌ಕಾಂಗಿನಿಂದ ದಕ್ಷಿಣಕ್ಕೆ ಹೊರಟಿದ್ದರೆ ಸಿಂಗಪುರವನ್ನು ಹಾದಿರಬೇಕೆಂದು ಎಣಿಸಿ ಅಲ್ಲಿನ ಪತ್ರಿಕೆಗಳನ್ನು ತಡಕಿದೆ. ಹನ್ನೊಂದು ಸಾಲಿನ ಒಂದು ಸುದ್ದಿ ಸಿಕ್ಕಿತು: ಇಬ್ಬರು ಯುವಕರು, ಒಂದು ಸಣ್ಣ ದೋಣಿ, ಹಾಯಿ ಕಟ್ಟುವ ಕೂವೆಮರಕ್ಕೆ ಸಿಡಿಲು ಬಡಿದು ಮೂರು ವಾರದ ದುರಸ್ತಿ. ಕೂವೆಮರದ ಬುಡದಲ್ಲಿ ಬೇರೆ ಬಣ್ಣದ ಮರವನ್ನು ಹೆಣೆದು ಕೂಡಿಸಿರುವ ಚಿತ್ರ ನನ್ನ ಬಳಿ ನಾಲ್ಕು ತಿಂಗಳಿನಿಂದ ಇತ್ತು, ಅದೇಕೆ ಹಾಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿ ಹನ್ನೊಂದು ಗಂಟೆಗೆ ಅಳಿಯನಿಗೆ ಕರೆ ಮಾಡಿದೆ. ಅವನ ಹಡಗಿನಲ್ಲಿ ಆಗ ಎಷ್ಟು ಗಂಟೆಯೋ ಕೇಳಲಿಲ್ಲ.

ಇಷ್ಟಾದ ಮೇಲೆಯೇ ಮಾದರಿಯ ಮಾಲೀಕರ ಸಂಘಗಳಿಗೆ ಬರೆಯಿರಿ. ವರ್ಚ್ಯೂ, ಫೋಕ್‌ಬೋಟ್ ಇಂಥ ಮಾದರಿಗಳ ಅಭಿಮಾನಿಗಳು ದೋಣಿಗಳಿಗೆ ಕ್ರಮಸಂಖ್ಯೆ ಹಾಕಿ ಪಟ್ಟಿ ಇಟ್ಟುಕೊಂಡಿರುತ್ತಾರೆ. 1950ರಲ್ಲಿ ಹಂಫ್ರಿ ಬಾರ್ಟನ್ ಫಾಲ್ಮತ್ತಿನಿಂದ ನ್ಯೂಯಾರ್ಕಿಗೆ 47 ದಿನಗಳಲ್ಲಿ ನಡೆಸಿದ ದೋಣಿಯ ಹೆಸರೇ ವರ್ಚ್ಯೂ XXXV, ಅಂದರೆ ಮೂವತ್ತೈದನೆಯದು. ಬರೆಯುವಾಗ "ನನ್ನ ದೋಣಿಯ ಚರಿತ್ರೆ ಹೇಳಿ" ಎಂದು ಕೇಳಿದರೆ ಉತ್ತರ ಬರುವುದು ಕಷ್ಟ. ಅಳತೆ, ಸಂಖ್ಯೆ, ಹಳೆಯ ಹೆಸರು, ಚಿತ್ರ, ನಿಮಗೆ ಗೊತ್ತಿರುವ ಮಾಲೀಕರ ಸರಣಿ ಇವನ್ನು ಒಂದು ಪುಟದಲ್ಲಿ ಕಳುಹಿಸಿ, ಎರಡು ಖಚಿತ ಪ್ರಶ್ನೆಗಳನ್ನು ಕೇಳಿ. ನಾವು ಕೊಟ್ಟ ಸಿಂಗಪುರದ ಸುದ್ದಿ ಅವರ ಬಳಿ ಇರಲಿಲ್ಲವಾದ್ದರಿಂದ, ನಮಗೆ ಬೇಕಾದ್ದನ್ನು ಅವರು ಒಂದೇ ವಾರದಲ್ಲಿ ಕೊಟ್ಟರು.

ಕಡತವನ್ನು ಕಟ್ಟುವುದು

ಸಿಕ್ಕಿದ್ದನ್ನೆಲ್ಲ ಕೊನೆಗೆ ಒಂದು ವಂಶಾವಳಿಯಂತೆ ಬರೆಯಬೇಕು: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾರ ಕೈಯಲ್ಲಿ, ಯಾವ ಹೆಸರಿನಲ್ಲಿ, ಯಾವ ಬಂದರಿನಲ್ಲಿ, ಯಾವ ಆಧಾರದಿಂದ. ಆಧಾರವಿಲ್ಲದ ವರ್ಷಗಳನ್ನು ಖಾಲಿ ಬಿಡಿ. ನಮ್ಮ ಕಡತದಲ್ಲಿ 1971ರಿಂದ 1976ರವರೆಗೆ ಖಾಲಿ ಇದೆ. ಆ ಐದು ವರ್ಷ ದೋಣಿ ಎಲ್ಲಿತ್ತೆಂದು ಮಾರುವವರು ಚಂದದ ಕಥೆ ಹೇಳಿದರು, ಅದನ್ನು ಬರೆದು "ಮಾತಿನ ಆಧಾರ ಮಾತ್ರ" ಎಂದು ಷರಾ ಹಾಕಿದೆ. ದುರಸ್ತಿಗಳಿಗೆ ಬೇರೆ ಹಾಳೆ ಇರಲಿ. ಯಾವ ಹಲಗೆ ಮೂಲದ್ದು, ಯಾವುದು ಆಮೇಲೆ ಹಾಕಿದ್ದು ಎಂಬುದು ದೋಣಿ ಕೊಳ್ಳುವವರಿಗೆ ಮಾಲೀಕರ ಹೆಸರುಗಳಿಗಿಂತ ಹೆಚ್ಚು ಉಪಯೋಗದ್ದು. ಸುಹೈಲಿಯಂಥ ಸುಹೈಲಿಯ ಕಬ್ಬಿಣದ ಬೋಲ್ಟುಗಳೇ ತುಕ್ಕು ಹಿಡಿದು, ನಾಕ್ಸ್-ಜಾನ್‌ಸ್ಟನ್ ಅವರು ಮುಪ್ಪಿನಲ್ಲಿ ವರ್ಷಗಟ್ಟಲೆ ಕುಳಿತು ಬದಲಿಸಬೇಕಾಯಿತು.

ಅಳಿಯ ಆ ಕಡತದ ಪ್ರತಿಯನ್ನು ಮಾರುವವರ ಮುಂದಿಟ್ಟ. ಸ್ವೀಡನ್ನಿನ ಫೋಕ್‌ಬೋಟ್ ಹಾಂಗ್‌ಕಾಂಗಿನ ವರ್ಚ್ಯೂ ಆಗಿಬಿಟ್ಟದ್ದಕ್ಕೆ ಅವರು ಮೊದಲು ಮುಖ ಗಂಟಿಕ್ಕಿದರಂತೆ, ಆಮೇಲೆ ಸಿಡಿಲಿನ ಸುದ್ದಿ ಓದಿ, ಕೂವೆಮರದ ಬುಡವನ್ನು ಸವರುತ್ತಾ ಬಹಳ ಹೊತ್ತು ಕುಳಿತಿದ್ದರಂತೆ. ವ್ಯಾಪಾರ ಕುದುರಿತು. ಕ್ರಯಪತ್ರದಲ್ಲಿ ಪಾಲು ಎಷ್ಟೆಂದು ಬರೆಯುವ ಜಾಗದಲ್ಲಿ 64 ಎಂದು ಬರೆದು, ಪತ್ರದ ಚಿತ್ರವನ್ನು ನನಗೆ ಕಳುಹಿಸಿದ್ದಾನೆ.